ಕುಂಡದಲ್ಲಿ ಸೊಪ್ಪು, ತರಕಾರಿ, ಹೂವು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ತಿಂಗಳು, ದಿನ, ಅಳತೆಗಳೆಲ್ಲ ಬೆಂಗಳೂರು, ಮೈಸೂರು, ತುಮಕೂರು ಕಡೆಯ ಹವೆಗೆ ಹೊಂದುವಂಥವು. ಕರಾವಳಿ ಮತ್ತು ಕಲ್ಯಾಣ ಕರ್ನಾಟಕದ ಕಡೆ ಬೇರೆ ಮಾಡಬೇಕಾದದ್ದನ್ನು ಆಯಾ ಉತ್ತರದಲ್ಲೇ ಹೇಳಿದೆ.

ಶುರು ಮಾಡುವ ಮುನ್ನ

ಮೊದಲು ಏನು ಹಾಕಬೇಕು? ಟೊಮೆಟೊದಿಂದ ಶುರು ಮಾಡಬಹುದಾ?

ಬೇಡ. ಮೆಂತ್ಯದಿಂದ ಶುರು ಮಾಡಿ. ಬೀಜ ಅಡುಗೆಮನೆಯ ಡಬ್ಬಿಯಲ್ಲೇ ಇದೆ, ಮೂರ್ನಾಲ್ಕು ದಿನಕ್ಕೆ ಮೊಳಕೆ, 20ರಿಂದ 25 ದಿನಕ್ಕೆ ಕೊಯ್ಲು. ಏನಾದರೂ ಕೆಟ್ಟರೂ ಕಳೆದುಕೊಂಡದ್ದು ಎರಡು ಚಮಚ ಕಾಳು ಅಷ್ಟೆ. ಅದರ ಜೊತೆಗೆ ಒಂದು ಕುಂಡ ದಂಟು ಅಥವಾ ಹರಿವೆ, ಒಂದು ಕುಂಡ ಪುದೀನ, ಹೂವಿಗೆ ನಾಲ್ಕು ಚೆಂಡು ಹೂವಿನ ಗಿಡ ಇದ್ದರೆ ಮೊದಲ ಎರಡು ತಿಂಗಳಿಗೆ ಸಾಕಷ್ಟು ಕೆಲಸ.

ಟೊಮೆಟೊ ಬಿತ್ತಿದ ದಿನದಿಂದ ಹಣ್ಣಾಗುವ ತನಕ ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಬಿಳಿ ನೊಣ, ಎಲೆ ಮುಟುರು (ಎಲೆ ಸುರುಟಿಕೊಳ್ಳುವ ರೋಗ), ನೀರಿನ ಏರುಪೇರು ಎಲ್ಲವೂ ಒಂದೊಂದು ಸಲ ಬಂದು ಹೋಗುತ್ತವೆ. ಎರಡು ಸಲ ಸೊಪ್ಪು ಕೊಯ್ದವರಿಗೆ ನೀರಿನ ಹದ ಕೈಗೆ ಸಿಕ್ಕಿರುತ್ತದೆ. ಆಮೇಲೆ ಟೊಮೆಟೊ ಹಾಕಿ.

ಯಾವ ತಿಂಗಳಲ್ಲಿ ಶುರು ಮಾಡಿದರೆ ಒಳ್ಳೆಯದು?

ಜೂನ್ ಎರಡನೇ ವಾರ ಅಥವಾ ಸೆಪ್ಟೆಂಬರ್ ಕೊನೆ. ಮುಂಗಾರಿನ ಮೊದಲ ಮಳೆ ಬಿದ್ದು ಬಿಸಿಲಿನ ಕಾವು ಇಳಿದ ಮೇಲೆ ಬೆಂಡೆ, ಬದನೆ, ಹೀರೆ, ಹಾಗಲ, ಚೆಂಡು ಹೂವಿಗೆ ಕಾಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ಟೊಮೆಟೊ, ಕೊತ್ತಂಬರಿ, ಪಾಲಕ್, ಮೂಲಂಗಿ, ಬೀನ್ಸ್, ಎಲೆಕೋಸು ಬಿತ್ತಬಹುದು.

ಹೊಸಬರಲ್ಲಿ ಹೆಚ್ಚಿನವರು ಶುರು ಮಾಡುವುದು ಮಕ್ಕಳಿಗೆ ರಜೆ ಸಿಗುವ ಏಪ್ರಿಲ್‌ನಲ್ಲಿ. ಕೈ ಸುಟ್ಟುಕೊಳ್ಳುವುದೂ ಅದಕ್ಕೇ. ತಾರಸಿಯ ಕಾಂಕ್ರೀಟು ಕಾದು ಕುಂಡದ ಮಣ್ಣು ಬೇಯುತ್ತದೆ, ಕೊತ್ತಂಬರಿ ಗೇಣುದ್ದ ಆಗುವ ಮೊದಲೇ ಹೂ ಬಿಡುತ್ತದೆ. ಬೇಸಿಗೆಯಲ್ಲೇ ಶುರು ಮಾಡಬೇಕು ಎಂದಾದರೆ ದಂಟು, ಬಸಳೆ, ಬೆಂಡೆ, ಅಲಸಂದೆ ಹಾಕಿ. ಇವು ಬಿಸಿಲಿಗೆ ಜಗ್ಗುವುದಿಲ್ಲ. ಕಲಬುರಗಿ, ರಾಯಚೂರಿನಲ್ಲಿ ಮಾರ್ಚಿಯಿಂದ ಮೇ ಕೊನೆಯವರೆಗೆ ಶೇ 50ರ ನೆರಳು ಬಲೆ ಇಲ್ಲದೆ ಸೊಪ್ಪಿನ ಮಾತೇ ಬೇಡ. ಮಂಗಳೂರು, ಉಡುಪಿಯಲ್ಲಿ ಸಮಸ್ಯೆ ತಿರುವುಮುರುವು: ಜೂನ್, ಜುಲೈ ಮಳೆಗೆ ಸಣ್ಣ ಬೀಜ ಕೊಚ್ಚಿ ಹೋಗುತ್ತದೆ. ಅಲ್ಲಿ ಆ ಎರಡು ತಿಂಗಳು ಸೊಪ್ಪಿನ ಕುಂಡಗಳು ಮಾಡಿನ ಅಡಿಯಲ್ಲಿರಲಿ.

ನಮ್ಮ ಬಾಲ್ಕನಿ ಉತ್ತರಕ್ಕಿದೆ. ಏನೂ ಬರಲ್ಲ ಅಂತಾರೆ, ನಿಜವಾ?

ಅರ್ಧ ನಿಜ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರ ಸುಮಾರಿನ ತನಕ ಉತ್ತರದ ಕಡೆಗೇ ಇರುತ್ತಾನೆ. ಹಾಗಾಗಿ ಉತ್ತರದ ಬಾಲ್ಕನಿಗೆ ಮೇ ತಿಂಗಳಲ್ಲಿ ಚೆನ್ನಾಗಿಯೇ ಬಿಸಿಲು ಬೀಳುತ್ತದೆ, ಚಳಿಗಾಲದಲ್ಲಿ ಇಲ್ಲ. ದಕ್ಷಿಣದ ಬಾಲ್ಕನಿಯದು ಇದರ ಉಲ್ಟಾ: ಅಕ್ಟೋಬರಿನಿಂದ ಫೆಬ್ರುವರಿ ತನಕ ಸೂರ್ಯ ಓರೆಯಾಗಿ ಒಳಗೆ ಬರುತ್ತಾನೆ, ಮೇ, ಜೂನ್‌ನಲ್ಲಿ ಮೇಲಿನ ಮನೆಯ ಸಜ್ಜಾ ನೆರಳು ಹಾಕುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಬಾಲ್ಕನಿಯಲ್ಲಿ ಭರ್ತಿಯಾಗಿ ಕಾಯಿ ಬಿಟ್ಟ ಮೆಣಸಿನ ಗಿಡ ಜೂನ್‌ನಲ್ಲಿ ಸಪ್ಪಗಾದರೆ ಕಾರಣ ಇದೇ. ಗೊಬ್ಬರ ಕಡಿಮೆಯಾಯಿತು ಎಂದು ಸುರಿಯಬೇಡಿ.

ಒಂದು ರಜೆಯ ದಿನ ಗಂಟೆಗೊಮ್ಮೆ ನೋಡಿ ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಎಂದು ಬರೆದುಕೊಳ್ಳಿ. ಆರು ಗಂಟೆ ಮತ್ತು ಮೇಲೆ ಇದ್ದರೆ ಕಾಯಿ, ಹೂವು ಎರಡೂ ಸರಿ. ಮೂರ್ನಾಲ್ಕು ಗಂಟೆ ಇದ್ದರೆ ಸೊಪ್ಪು, ಪುದೀನ, ದೊಡ್ಡಪತ್ರೆ, ಶುಂಠಿ. ಎರಡು ಗಂಟೆಗಿಂತ ಕಡಿಮೆ ಇದ್ದರೆ ವೀಳ್ಯದೆಲೆ ಬಳ್ಳಿ, ಒಂದೆಲಗ. ಅಲ್ಲಿ ತರಕಾರಿಗೆ ಹಠ ಹಿಡಿಯುವುದು ದಂಡ.

ತಾರಸಿ ಎಷ್ಟು ಭಾರ ತಡೆಯುತ್ತದೆ? ಮಣ್ಣು ಹಾಕಿ ಪಾತಿನೇ ಕಟ್ಟಬಹುದಾ?

ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹಿಡಿಯುವ ಲೆಕ್ಕ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಅರ್ಧ ಅಡಿ ದಪ್ಪ ಕೆಂಪು ಮಣ್ಣು ಹಾಸಿದರೆ ಚದರ ಮೀಟರಿಗೆ 150 ಲೀಟರ್ ಮಣ್ಣಾಯಿತು. ಮಳೆಗೆ ನೆನೆದರೆ ಅದು ಸುಮಾರು 250 ಕಿಲೋ ತೂಗುತ್ತದೆ. ಎಂಜಿನಿಯರನ್ನು ಕೇಳದೆ ಪಾತಿ ಕಟ್ಟಬೇಡಿ ಎನ್ನುವುದು ಇದಕ್ಕೆ.

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಮಣ್ಣಿನ 12 ಇಂಚಿನ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ನೆನೆದಾಗ ಸುಮಾರು 20 ಕಿಲೋ ಬರುತ್ತದೆ. ಚದರ ಮೀಟರಿಗೆ ನಾಲ್ಕು ಇಟ್ಟರೂ ತೊಂದರೆಯಿಲ್ಲ. ದೊಡ್ಡ ಡ್ರಮ್ಮುಗಳನ್ನು ಗೋಡೆಯ ಪಕ್ಕ, ಕೆಳಗೆ ತೊಲೆ ಹಾದು ಹೋಗುವ ಕಡೆ ಇಡಿ, ನಡುತಾರಸಿಯಲ್ಲಿ ಬೇಡ. ಎಲ್ಲ ಕುಂಡಗಳೂ ಎರಡು ಇಟ್ಟಿಗೆಯ ಮೇಲೆ ಅಥವಾ ಸ್ಟ್ಯಾಂಡಿನ ಮೇಲೆ ಇರಲಿ. ತಳದಲ್ಲಿ ಗಾಳಿ ಆಡಿದರೆ ತಾರಸಿ ಒಣಗಿರುತ್ತದೆ, ಬೇರು ಸಿಮೆಂಟಿನ ಬಿರುಕು ಹುಡುಕುವುದಿಲ್ಲ.

ಕುಂಡ ಮತ್ತು ಮಣ್ಣು

ಯಾವ ಗಿಡಕ್ಕೆ ಎಷ್ಟು ದೊಡ್ಡ ಕುಂಡ?

ಸೊಪ್ಪಿಗೆ ಆಳ ಬೇಡ, ಅಗಲ ಬೇಕು. 6 ಇಂಚು ಆಳದ ಅಗಲ ಟ್ರೇ ಸಾಕು. ಕೆಳಗೆ ತೂತು ಮಾಡಿದ ಹಳೆಯ ಹಣ್ಣಿನ ಕ್ರೇಟಿಗೆ ಗೋಣಿ ಹಾಸಿದರೂ ಆಗುತ್ತದೆ. ಮೆಣಸಿನಕಾಯಿ, ಬೆಂಡೆ, ಬೀನ್ಸ್, ಸೇವಂತಿಗೆಗೆ 10 ಇಂಚು. ಟೊಮೆಟೊ, ಬದನೆ, ಗುಲಾಬಿಗೆ 12 ಇಂಚು, ಒಂದು ಕುಂಡಕ್ಕೆ ಒಂದೇ ಗಿಡ. ಹೀರೆ, ಹಾಗಲ, ಕರಿಬೇವು, ಮಲ್ಲಿಗೆಗೆ 16ರಿಂದ 18 ಇಂಚು. ಪೇಂಟ್ ಡಬ್ಬ ಬಳಸುವುದಾದರೆ 20 ಲೀಟರಿನದು ಟೊಮೆಟೊಗೆ ಸರಿ. ಆದರೆ ಒಳಗೆ ಬಣ್ಣದ ಪದರ ಉಳಿಯದ ಹಾಗೆ ಉಜ್ಜಿ ತೊಳೆದಿರಬೇಕು.

ತಳದಲ್ಲಿ ಕಿರುಬೆರಳು ಹೋಗುವಷ್ಟು ದೊಡ್ಡ ತೂತು ಐದಾರು ಇರಲಿ. ಒಂದೇ ತೂತಿನ ಕುಂಡ ಇವತ್ತಲ್ಲ ನಾಳೆ ಕಟ್ಟಿಕೊಳ್ಳುತ್ತದೆ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಇದೆ. ಬಸಿಯುವುದಿಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗ ಎರಡು ಇಂಚು ಕಡಿಮೆಯಾಗುತ್ತದೆ. ತೂತಿನ ಮೇಲೆ ಹೆಂಚಿನ ಚೂರು ಅಥವಾ ಒಂದು ಹಿಡಿ ತೆಂಗಿನ ನಾರು ಇಟ್ಟರೆ ಮುಗಿಯಿತು.

ಮಣ್ಣು ಹೇಗೆ ಬೆರೆಸಬೇಕು?

ಒಂದು ಬಕೆಟ್ ಜರಡಿ ಹಿಡಿದ ಕೆಂಪು ಮಣ್ಣು, ಒಂದು ಬಕೆಟ್ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬಕೆಟ್ ನೆನೆದ ಕೋಕೋಪೀಟ್. 12 ಇಂಚಿನ ಕುಂಡವೊಂದಕ್ಕೆ 50 ಗ್ರಾಂ ಬೇವಿನ ಹಿಂಡಿ, ಅಂದರೆ ಒಂದು ಹಿಡಿ. ಬೆರೆಸಿ, ಸ್ವಲ್ಪ ನೀರು ಚಿಮುಕಿಸಿ, ಗೋಣಿ ಮುಚ್ಚಿ ಹತ್ತು ದಿನ ಬಿಡಿ. ಹಿಂಡಿ ಕಳಿಯುವಾಗ ಕಾವು ಏಳುತ್ತದೆ; ಅದೇ ದಿನ ಸಸಿ ನೆಟ್ಟರೆ ಬೇರು ಸುಡುತ್ತದೆ.

ಹದ ನೋಡುವುದು ಹೀಗೆ: ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಒತ್ತಿ. ಉಂಡೆ ಆಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಒಡೆಯದೆ ಲಡ್ಡುವಿನ ಹಾಗೆ ಕೂತರೆ ಮಣ್ಣು ಹೆಚ್ಚಾಯಿತು, ಇನ್ನಷ್ಟು ಕೋಕೋಪೀಟ್ ಅಥವಾ ಭತ್ತದ ಹೊಟ್ಟು ಸೇರಿಸಿ. ಉಂಡೆಯೇ ಆಗದಿದ್ದರೆ ಮಣ್ಣು ಸಾಲದು.

ಹಸಿ ಸೆಗಣಿ ಬೆರೆಸಬೇಡಿ. ಕಳಿತ ಗೊಬ್ಬರಕ್ಕೆ ವಾಸನೆ ಇರುವುದಿಲ್ಲ, ಬಣ್ಣ ಕಾಫಿ ಪುಡಿಯ ಹಾಗಿರುತ್ತದೆ. ಮುರಿದರೆ ಒಳಗೆ ಹಸಿರು ಹುಲ್ಲು ಕಂಡರೆ ಅದು ಇನ್ನೂ ಕಳಿತಿಲ್ಲ, ಜೊತೆಗೆ ಬೆರಳು ದಪ್ಪದ ಬಿಳಿ ಗೊಣ್ಣೆ ಹುಳುವನ್ನೂ ತರುತ್ತದೆ. ಅದು ಬೇರು ತಿನ್ನುತ್ತದೆ.

ಕೋಕೋಪೀಟ್ ಇಟ್ಟಿಗೆಯನ್ನು ಹಾಗೇ ಬಳಸಬಹುದಾ?

ನೆನೆಸಿ, ತೊಳೆದು ಬಳಸಿ. 5 ಕಿಲೋ ಇಟ್ಟಿಗೆ ನೆನೆದರೆ 60 ಲೀಟರಿಗೂ ಹೆಚ್ಚು ಪುಡಿಯಾಗುತ್ತದೆ, ಆದ್ದರಿಂದ ದೊಡ್ಡ ಟಬ್ಬು ತೆಗೆದುಕೊಳ್ಳಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಬೇಕು, ಕಡು ಚಹಾದ ಬಣ್ಣದ ನೀರು ತಿಳಿಯಾಗುವ ತನಕ. ತೊಳೆಯದೆ ಬಳಸಿದರೆ ಸಸಿಯ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ.

ನೀರು

ದಿನಾ ನೀರು ಹಾಕಬೇಕಾ?

ದಿನ ಲೆಕ್ಕ ಹಾಕಬೇಡಿ, ಬೆರಳು ಹಾಕಿ. ತೋರುಬೆರಳಿನ ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ. ತುದಿಗೆ ತಂಪು ತಗುಲಿ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಬಸಿಯುವ ತನಕ ಹಾಕಿ. ಒಂದು ಲೋಟ ಚಿಮುಕಿಸಿ ಬಿಟ್ಟರೆ ಮೇಲಿನ ಎರಡು ಇಂಚು ಮಾತ್ರ ನೆನೆಯುತ್ತದೆ, ಬೇರು ಕೆಳಗೆ ಇಳಿಯುವುದಿಲ್ಲ.

ಕುಂಡದ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಮುಳುಗಿ ಸಾಯುವುದೇ ಜಾಸ್ತಿ. ಗೊಂದಲ ಆಗುವುದು ಎಲ್ಲಿ ಎಂದರೆ, ನೀರು ಕಡಿಮೆಯಾದರೂ ಎಲೆ ಬಾಡುತ್ತದೆ, ಹೆಚ್ಚಾಗಿ ಬೇರು ಕೊಳೆತರೂ ಬಾಡುತ್ತದೆ. ಬಾಡಿದ ಗಿಡ ಕಂಡ ತಕ್ಷಣ ಚೊಂಬು ಹಿಡಿಯುವ ಮೊದಲು ಬೆರಳು ಹಾಕಿ ನೋಡಿ. ಮಣ್ಣು ಒದ್ದೆ ಇದ್ದೂ ಗಿಡ ಬಾಡಿದ್ದರೆ ಕುಂಡವನ್ನು ನೆರಳಿಗೆ ಸರಿಸಿ, ತೂತು ಬಿಡಿಸಿ, ಎರಡು ಮೂರು ದಿನ ನೀರು ನಿಲ್ಲಿಸಿ. ಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಎದ್ದು ನಿಲ್ಲುವ ಕುಂಬಳ, ಹೀರೆಗೆ ಏನೂ ಆಗಿಲ್ಲ, ಅದು ಬಿಸಿಲಿನ ಆಟ.

ಬೇಸಿಗೆಯಲ್ಲಿ ಕಾಯಿ ಹಿಡಿದ ಟೊಮೆಟೊ ದಿನಕ್ಕೆ ಒಂದೂವರೆ, ಎರಡು ಲೀಟರ್ ಕುಡಿಯುತ್ತದೆ. ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ, ಮಣ್ಣಿನ ಮೇಲೆ ಒಣಗಿದ ಎಲೆ ಅಥವಾ ತೆಂಗಿನ ನಾರು ಎರಡು ಇಂಚು ಹೊದಿಸಿ.

ಆರ್‌ಒ ಯಂತ್ರದ ವ್ಯರ್ಥ ನೀರು, ಅಕ್ಕಿ ತೊಳೆದ ನೀರು ಹಾಕಬಹುದಾ?

ಅಕ್ಕಿ, ಬೇಳೆ ತೊಳೆದ ನೀರನ್ನು ಅದೇ ದಿನ ಹಾಕಿ. ಮರುದಿನಕ್ಕೆ ಉಳಿಸಿದರೆ ಹುಳಿ ವಾಸನೆಗೆ ನೊಣ ಮುತ್ತುತ್ತವೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ಲವಣ ಗಟ್ಟಿಯಾಗಿರುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಬೋರ್‌ವೆಲ್ ನೀರಷ್ಟೇ ಇರುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದರೆ ಅದೂ ಲವಣವೇ. ಮಳೆ ಬರುವಾಗ ಕುಂಡಗಳನ್ನು ಒಂದು ದಿನ ಬಯಲಿಗೆ ಇಟ್ಟರೆ ತೊಳೆದು ಹೋಗುತ್ತದೆ.

ಹತ್ತು ದಿನ ಊರಿಗೆ ಹೋಗಬೇಕು. ಗಿಡಗಳ ಗತಿ?

ಎಲ್ಲ ಕುಂಡಗಳನ್ನೂ ನೆರಳಿಗೆ ಒತ್ತೊತ್ತಾಗಿ ಸೇರಿಸಿ, ಹೋಗುವ ದಿನ ತುಂಬ ನೀರು ಕೊಡಿ, ಕಾಯಿ ಮೊಗ್ಗುಗಳನ್ನು ಕಿತ್ತುಬಿಡಿ. ಬಕೆಟ್ ನೀರನ್ನು ಕುಂಡಕ್ಕಿಂತ ಎತ್ತರದಲ್ಲಿಟ್ಟು, ಹಳೆ ಹತ್ತಿ ಬಟ್ಟೆಯ ಹೊಸೆದ ಬತ್ತಿಯ ಒಂದು ತುದಿ ನೀರಿನ ತಳಕ್ಕೆ, ಇನ್ನೊಂದು ತುದಿ ಮಣ್ಣಿನಲ್ಲಿ ಮೂರು ಇಂಚು ಒಳಕ್ಕೆ. ಬಕೆಟ್ಟಿಗೆ ಮುಚ್ಚಳ ಮರೆಯಬೇಡಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿ ಮಾಡಲು ಒಂದು ವಾರ ಸಾಕು. ಕುಂಡದ ಕೆಳಗಿನ ತಟ್ಟೆಗಳನ್ನೂ ವಾರಕ್ಕೊಮ್ಮೆ ಚೆಲ್ಲಿ ಉಜ್ಜಬೇಕಾದ್ದು ಇದೇ ಕಾರಣಕ್ಕೆ.

ಸೊಪ್ಪು ಮತ್ತು ಸುವಾಸನೆ ಗಿಡಗಳು

ಕೊತ್ತಂಬರಿ ಬೀಜ ಹಾಕಿ ಹತ್ತು ದಿನ ಆಯ್ತು, ಒಂದೂ ಮೊಳಕೆ ಇಲ್ಲ. ಯಾಕೆ?

ಮೂರು ಕಾರಣ ಇರಬಹುದು. ಬೀಜ ಹಳೆಯದು ಅಥವಾ ಹುರಿದದ್ದು. ಇಡೀ ಬೀಜ ಬಿತ್ತಿದ್ದೀರಿ. ಅಥವಾ ಇನ್ನೂ ಸಮಯವೇ ಆಗಿಲ್ಲ. ಕೊತ್ತಂಬರಿ ಎಂಟರಿಂದ ಹನ್ನೆರಡು ದಿನ ತೆಗೆದುಕೊಳ್ಳುತ್ತದೆ, ಚಳಿಯಲ್ಲಿ ಎರಡು ವಾರವೂ ಆದೀತು. ಆರನೇ ದಿನಕ್ಕೇ ಮಣ್ಣು ಕೆದಕಿ ನೋಡಿ ಮೊಳಕೆ ಮುರಿದು ಹಾಕಿದವರು ಬಹಳ.

ನಾವು ಬೀಜ ಎನ್ನುವುದು ನಿಜಕ್ಕೂ ಕಾಯಿ, ಅದರೊಳಗೆ ಎರಡು ಬೀಜ. ಬಟ್ಟೆಯ ಮೇಲೆ ಹರಡಿ ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ. ಪುಡಿ ಆಗಬಾರದು. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒಂದು ಸೆಂಟಿಮೀಟರ್ ಆಳಕ್ಕೆ ಸಾಲಾಗಿ ಉದುರಿಸಿ, ಮೇಲೆ ಕೋಕೋಪೀಟ್ ಮುಚ್ಚಿ. ಮೊಳಕೆ ಕಾಣುವ ತನಕ ಒದ್ದೆ ಗೋಣಿ ಹೊದಿಸಬಹುದು, ಕಂಡ ದಿನವೇ ತೆಗೆಯಬೇಕು. ಕಿತ್ತು ನೆಟ್ಟರೆ ಕೊತ್ತಂಬರಿ ಸೊರಗುತ್ತದೆ, ಬಿತ್ತಿದಲ್ಲೇ ಬೆಳೆಯಲಿ. 40 ದಿನದ ಸುಮಾರಿಗೆ ಕೊಯ್ಲು. ಪ್ರತಿ ಹದಿನೈದು ದಿನಕ್ಕೆ ಒಂದು ಟ್ರೇ ಬಿತ್ತುತ್ತಾ ಹೋದರೆ ಸಾರಿಗೆ ಕೊರತೆಯಾಗುವುದಿಲ್ಲ.

ಬೀಜದ ಮೇಲೆ ಅನುಮಾನವಿದ್ದರೆ ಮೊದಲೇ ಪರೀಕ್ಷೆ ಮಾಡಿ. ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಏಳು ಮೊಳೆತರೆ ಬಿತ್ತಿ, ನಾಲ್ಕಕ್ಕಿಂತ ಕಡಿಮೆಯಾದರೆ ಸಾರಿನ ಪುಡಿಗೆ ಹಾಕಿ. ಅಂಗಡಿಯ ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಅದನ್ನು ಅಡುಗೆಗೆ ತರಬೇಡಿ. ಬಿತ್ತಿದ ಮೇಲೆ ಕೈ ತೊಳೆಯಿರಿ.

ದಂಟಿನ ಬೀಜ ಸಾಸಿವೆಗಿಂತ ಸಣ್ಣ. ಒಂದೇ ಕಡೆ ಗುಂಪಾಗಿ ಹುಟ್ಟುತ್ತವೆ.

ಒಂದು ಚಮಚ ಬೀಜಕ್ಕೆ ಐದಾರು ಚಮಚ ಒಣ ಮರಳು ಬೆರೆಸಿ ಉದುರಿಸಿ. ಮೇಲೆ ಮಣ್ಣು ಹಾಕುವುದೇ ಬೇಡ, ಅಂಗೈಯಿಂದ ಒತ್ತಿದರೆ ಸಾಕು. ಸ್ಪ್ರೇ ಬಾಟಲಿಯಿಂದ ನೀರು. ಇರುವೆ ಹೊತ್ತೊಯ್ಯುತ್ತಿದ್ದರೆ ಟ್ರೇಯ ಸುತ್ತ ಅರಿಶಿನ ಎಳೆಯಿರಿ. ಮೂರು ಇಂಚಾದಾಗ ಒತ್ತಾದ ಸಸಿಗಳನ್ನು ಕಿತ್ತು ತೊಳೆದು ಪಲ್ಯಕ್ಕೆ ಹಾಕಿ, ಉಳಿದವು 25, 30 ದಿನಕ್ಕೆ ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ದಂಟು ಮತ್ತು ‘ಅರ್ಕಾ ಅನುಪಮ’ ಪಾಲಕ್ ಮತ್ತೆ ಮತ್ತೆ ಕೊಯ್ದರೂ ಚಿಗುರುವ ತಳಿಗಳು. ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಬೇಕು.

ಪುದೀನ ಬೇರು ಬಿಡುತ್ತದೆ, ಆಮೇಲೆ ಒಣಗಿಹೋಗುತ್ತದೆ.

ಮಾರುಕಟ್ಟೆಯ ಕಟ್ಟಿನಿಂದ ದಪ್ಪ, ಸ್ವಲ್ಪ ನೇರಳೆ ಬಣ್ಣದ ಕಡ್ಡಿಗಳನ್ನು ಆರಿಸಿ. ಕೆಳಗಿನ ಎಲೆ ತೆಗೆದು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಡಿ. ನೀರಿನ ಲೋಟದಲ್ಲಿ ಬೇರು ಬರಿಸುವವರು ಬೇರು ಒಂದು ಇಂಚಾದ ಕೂಡಲೇ ಮಣ್ಣಿಗೆ ಹಾಕಬೇಕು. ಮೂರ್ನಾಲ್ಕು ವಾರ ನೀರಿನಲ್ಲೇ ಇದ್ದ ಬೇರಿಗೆ ಮಣ್ಣು ಒಗ್ಗುವುದಿಲ್ಲ. ಮೊದಲ ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು. ಆಳದ ಕುಂಡದಲ್ಲಿ ಇದು ಬೆಳೆಯುವುದಕ್ಕೆ ಇಷ್ಟಪಡುವುದಿಲ್ಲ, ಅಗಲದ ತೊಟ್ಟಿಯಲ್ಲಿ ಹರಡುತ್ತದೆ. ಬೇರೆ ಗಿಡದ ಜೊತೆ ನೆಟ್ಟರೆ ಆ ಗಿಡವನ್ನು ಮರೆತುಬಿಡಿ.

ಕರಿಬೇವು ಒಂದು ವರ್ಷದಿಂದ ಎರಡೇ ಕಡ್ಡಿ. ಹುಳಿ ಮಜ್ಜಿಗೆ ಹಾಕಿದರೂ ಬೆಳೆಯುತ್ತಿಲ್ಲ.

ಮೊದಲ ವರ್ಷ ಕರಿಬೇವು ನಿಧಾನವೇ. ಬಿಸಿಲು ಪೂರ್ತಿ ಇರಬೇಕು, ಡಿಸೆಂಬರ್, ಜನವರಿಯ ಚಳಿಯಲ್ಲಿ ಎಲೆ ಉದುರಿದರೆ ಹೆದರಬೇಕಿಲ್ಲ, ಆಗ ನೀರು ಕಡಿಮೆ ಮಾಡಿ. ಫೆಬ್ರುವರಿಯಲ್ಲಿ ತುದಿ ಕುಡಿಯನ್ನು ಚಿವುಟಿ; ಒಂದು ಕಡ್ಡಿ ಇದ್ದಲ್ಲಿ ಎರಡು ಮೂರು ಕವಲೊಡೆಯುತ್ತವೆ. ಎಲೆಯನ್ನು ಬಿಡಿಬಿಡಿಯಾಗಿ ಕೀಳುವ ಬದಲು ಕುಡಿ ಸಮೇತ ಕತ್ತರಿಸುವುದೂ ಇದೇ ಕೆಲಸ ಮಾಡುತ್ತದೆ. ಮಜ್ಜಿಗೆಯನ್ನು ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ತಿಂಗಳಿಗೊಮ್ಮೆ ಹಾಕಿದರೆ ಕೆಡುಕಿಲ್ಲ, ಆದರೆ ಅದು ಗೊಬ್ಬರದ ಬದಲಿಯಲ್ಲ. ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಎಲೆ ಮೇಯುತ್ತಿದ್ದರೆ ಅದು ನಿಂಬೆ ಚಿಟ್ಟೆಯ ಮರಿ. ಕೈಯಿಂದ ಆರಿಸಿ ಬೇರೆ ನಿಂಬೆ ಗಿಡಕ್ಕೆ ಬಿಟ್ಟರೆ ಎರಡೂ ಬದುಕುತ್ತವೆ.

ತರಕಾರಿ

ಸಸಿ ಚೆನ್ನಾಗಿ ಹುಟ್ಟಿತ್ತು, ಒಂದು ಬೆಳಿಗ್ಗೆ ನೋಡಿದರೆ ಎಲ್ಲ ಅಡ್ಡ ಬಿದ್ದಿದೆ.

ಬುಡ ನೂಲಿನಷ್ಟು ಸಣ್ಣಗಾಗಿ ಬಿದ್ದಿದ್ದರೆ ಅದು ಶಿಲೀಂಧ್ರದ ಸಸಿ ಕೊಳೆ. ಬಿದ್ದದ್ದು ಏಳುವುದಿಲ್ಲ. ಒತ್ತಾದ ಬಿತ್ತನೆ, ಸಂಜೆ ನೀರು, ಗಾಳಿ ಇಲ್ಲದ ಜಾಗ, ಈ ಮೂರೂ ಸೇರಿದಾಗ ಬರುತ್ತದೆ. ಮುಂದಿನ ಸಲ ಸಸಿ ಟ್ರೇಗೆ ಹಳೆ ಮಣ್ಣು ಬೇಡ, ತೊಳೆದ ಕೋಕೋಪೀಟಿಗೆ ಕಾಲು ಭಾಗ ಎರೆಗೊಬ್ಬರ ಮತ್ತು ಕಿಲೋಗೆ ಒಂದು ಚಮಚ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಬೆರೆಸಿ. ಸಸಿ ಉದ್ದುದ್ದ ಬೆಳೆದು ತಾನೇ ಬಾಗಿದ್ದರೆ ಅದು ರೋಗವಲ್ಲ, ಬಿಸಿಲಿನ ಕೊರತೆ.

ಟೊಮೆಟೊ ನೆಡುವ ಕ್ರಮ?

25ರಿಂದ 30 ದಿನದ, ನಾಲ್ಕೈದು ಎಲೆಯ ಸಸಿ ತೆಗೆದುಕೊಳ್ಳಿ. ಕೆಳಗಿನ ಎರಡು ಎಲೆ ಚಿವುಟಿ ಕಾಂಡದ ಅರ್ಧದಷ್ಟು ಮಣ್ಣಿನೊಳಗೆ ಹೋಗುವ ಹಾಗೆ ಆಳಕ್ಕೆ ನೆಡಿ, ಹೂತ ಕಾಂಡದಿಂದಲೂ ಬೇರು ಬರುತ್ತದೆ. (ಮೆಣಸಿನಕಾಯಿ, ಬದನೆಯನ್ನು ಹೀಗೆ ಹೂಳಬೇಡಿ.) ನೆಡುವುದು ಸಂಜೆ, ಮೂರು ದಿನ ನೆರಳು. ನಾಲ್ಕು ಅಡಿಯ ಕೋಲನ್ನು ನೆಡುವ ದಿನವೇ ಚುಚ್ಚಿ. ತಿಂಗಳಾದ ಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ನೆಲದಿಂದ ಒಂದು ಅಡಿಯೊಳಗಿನ ಎಲೆಗಳನ್ನು ತೆಗೆದರೆ ಮಣ್ಣಿನ ರೋಗ ಎಲೆಗೆ ಸಿಡಿಯುವುದಿಲ್ಲ.

ತಳಿಯ ಮಾತು ಬಂದರೆ, ಹೆಸರಘಟ್ಟದ ‘ಅರ್ಕಾ ರಕ್ಷಕ್’ ಎಲೆ ಮುಟುರು, ದುಂಡಾಣು ಸೊರಗು (ಬ್ಯಾಕ್ಟೀರಿಯಾದಿಂದ ಗಿಡ ಸೊರಗುವ ರೋಗ), ಎಲೆ ಅಂಗಮಾರಿ (ಎಲೆಗೆ ಚುಕ್ಕೆ ಬಿದ್ದು ಒಣಗುವ ರೋಗ) ಮೂರನ್ನೂ ತಡೆಯುವ ಹೈಬ್ರಿಡ್. ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ತಾಯಿಯ ಗುಣ ಬರುವುದಿಲ್ಲ. ಬೀಜ ಉಳಿಸಿಕೊಳ್ಳಬೇಕು ಎನ್ನುವವರು ನಾಟಿ ಟೊಮೆಟೊ ಹಾಕಲಿ. ಮನೆಯ ಸಾರಿಗೆ ನಮ್ಮ ಓಟು ಹುಳಿ ನಾಟಿಗೇ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಸಿದಿದೆ. ಮೊಟ್ಟೆ ಚಿಪ್ಪು ಹಾಕಲಾ?

ಕಾಯಿಗೆ ಸುಣ್ಣದ ಅಂಶ ತಲುಪಿಲ್ಲ, ಅದು ನಿಜ. ಆದರೆ ಮಣ್ಣಿನಲ್ಲಿ ಸುಣ್ಣ ಇಲ್ಲವೆಂದಲ್ಲ, ಅದನ್ನು ಹೊತ್ತೊಯ್ಯುವ ನೀರು ಒಂದು ದಿನ ಇದ್ದು ಎರಡು ದಿನ ಇಲ್ಲದಿರುವುದು ಕಾರಣ. ಬೆಂಗಳೂರಿನ ಬೋರ್ ನೀರಿನಲ್ಲೇ ಸುಣ್ಣ ಬೇಕಾದಷ್ಟಿದೆ. ಮೊಟ್ಟೆ ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು, ಈ ಬೆಳೆಗೆ ಅದು ದಕ್ಕುವುದಿಲ್ಲ. ಕಪ್ಪಾದ ಕಾಯಿ ಕಿತ್ತು, ಮಣ್ಣಿಗೆ ಹೊದಿಕೆ ಹಾಕಿ, ನೀರನ್ನು ಒಂದೇ ಸಮ ಕೊಡಿ. ಮುಂದಿನ ಗೊಂಚಲು ಸರಿಹೋಗುತ್ತದೆ.

ಹೀರೆ, ಹಾಗಲ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ.

ಮೊದಲ ಹತ್ತು ಹದಿನೈದು ದಿನ ಬರುವುದು ಗಂಡು ಹೂವು. ಉದುರಲಿ ಬಿಡಿ. ಹೆಣ್ಣು ಹೂವಿನ ಹಿಂದೆ ಕಿರುಬೆರಳಿನ ತುದಿಯಷ್ಟು ಕಾಯಿ ಇರುತ್ತದೆ, ನೋಡಿದರೆ ಗೊತ್ತಾಗುತ್ತದೆ. ಆ ಕಾಯಿ ಹಳದಿಯಾಗಿ ಉದುರಿದರೆ ಪರಾಗಸ್ಪರ್ಶ ಆಗಿಲ್ಲ. ನಾಲ್ಕನೇ ಮಹಡಿಗೆ ಜೇನು ಹತ್ತಿ ಬರುವುದು ಕಡಿಮೆ. ಅದೇ ದಿನ ಅರಳಿದ ಗಂಡು ಹೂವು ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಹೊತ್ತು ಮುಖ್ಯ: ಸೌತೆ, ಹಾಗಲ, ಕುಂಬಳ ಬೆಳಿಗ್ಗೆ ಅರಳುತ್ತವೆ, ಒಂಬತ್ತು ಗಂಟೆಯೊಳಗೆ ಮುಗಿಸಿ. ಹೀರೆ, ಸೋರೆ ಅರಳುವುದು ಸಂಜೆ. ಬೆಳಿಗ್ಗೆ ಎದ್ದು ಹೀರೆ ಹೂವಿಗೆ ಕಾದರೆ ಬಾಡಿದ್ದು ಸಿಗುತ್ತದೆ.

ಕಾಯಿ ಬೆರಳುದ್ದ ಆದ ಕೂಡಲೇ ತೆಳು ಬಟ್ಟೆಯ ಚೀಲ ಅಥವಾ ಪೇಪರ್ ಕವರ್ ಕಟ್ಟಿ. ಹಣ್ಣಿನ ನೊಣ ಚುಚ್ಚಿ ಮೊಟ್ಟೆಯಿಟ್ಟ ಕಾಯಿ ಒಂದು ಕಡೆ ಸೊಟ್ಟಗಾಗಿ ಕೊಳೆಯುತ್ತದೆ. ಅಂಥದ್ದನ್ನು ಕಾಂಪೋಸ್ಟಿಗೆ ಹಾಕದೆ ನೀರಿನಲ್ಲಿ ಮುಳುಗಿಸಿ ಒಳಗಿನ ಹುಳು ಸಾಯಿಸಿ.

ಅವರೆ ಗಿಡ ಆಳೆತ್ತರ ಬೆಳೆದಿದೆ, ಹೂವೇ ಇಲ್ಲ.

ಯಾವ ತಿಂಗಳು ಬಿತ್ತಿದಿರಿ? ಸೊಗಡಿನ ಹಳೆಯ ಅವರೆಗೆ ಹಗಲು ಚಿಕ್ಕದಾಗಬೇಕು. ಮಾರ್ಚಿಯಲ್ಲಿ ಬಿತ್ತಿದರೂ ಅದು ಚಳಿಗೇ ಕಾಯುತ್ತದೆ. ಜುಲೈ, ಆಗಸ್ಟಿನಲ್ಲಿ ಬಿತ್ತಿ. ವರ್ಷದ ಯಾವ ಕಾಲಕ್ಕೂ ಬೇಕು ಎಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ 4’ ಇದೆ. ಹಗಲಿನ ಉದ್ದದ ಹಂಗಿಲ್ಲ, ಗಿಡವೂ ಗಿಡ್ಡ. ಸೊಗಡು ಮಾತ್ರ ಹಳೆಯದಕ್ಕೆ ಸಮ ಅಲ್ಲ.

ಬೆಂಡೆಕಾಯಿ ನಾರಾಗುತ್ತಿದೆ.

ಕೊಯ್ಯುವುದು ತಡವಾಗಿದೆ. ಹೂವು ಅರಳಿದ ಐದಾರನೇ ದಿನಕ್ಕೆ ಕೀಳಬೇಕು, ದಿನ ಬಿಟ್ಟು ದಿನ. ತುದಿ ಪಟ್ಟನೆ ಮುರಿದರೆ ಎಳೆಯದು.

ಹೂವು

ಹಬ್ಬದ ಹಾರದ ಚೆಂಡು ಹೂವಿನಿಂದ ಗಿಡ ಬರುತ್ತದಾ?

ಬರುತ್ತದೆ, ಹಾರದಲ್ಲಿದ್ದದ್ದಕ್ಕಿಂತ ಹೂವು ಸಣ್ಣದಾಗಬಹುದು. ಹೂವನ್ನು ನೆರಳಲ್ಲಿ ಒಣಗಿಸಿ, ದಳದ ಬುಡದಲ್ಲಿರುವ ಕಪ್ಪು ಕಡ್ಡಿಯಂಥ ಬೀಜ ಬಿಡಿಸಿ. ಕಪ್ಪು ಗಟ್ಟಿ ಇದ್ದದ್ದು ಮೊಳೆಯುತ್ತದೆ, ಬಿಳಿ ಜೊಳ್ಳು ಮೊಳೆಯುವುದಿಲ್ಲ. ದಸರೆಗೆ ಹೂವು ಬೇಕೆಂದರೆ ಜುಲೈ ಕೊನೆಗೆ ಬಿತ್ತನೆ. ನಾಲ್ಕು ವಾರದ ಗಿಡದ ಕುಡಿ ಚಿವುಟಿದರೆ ಹೂವು ವಾರ ತಡ, ಸಂಖ್ಯೆ ಎರಡು ಮೂರು ಪಟ್ಟು.

ಸೇವಂತಿಗೆ ನರ್ಸರಿಯಿಂದ ತಂದಾಗ ತುಂಬ ಹೂವಿತ್ತು. ಆಮೇಲೆ ಒಂದೂ ಇಲ್ಲ.

ಸೇವಂತಿಗೆಯದೂ ಹಳೆಯ ಅವರೆಯದೇ ಸ್ವಭಾವ, ಉದ್ದನೆಯ ರಾತ್ರಿ ಬೇಕು. ಬೇಸಿಗೆಯಲ್ಲಿ ಬರೀ ಎಲೆ ಬಿಟ್ಟರೆ ಅದು ಆರೋಗ್ಯವಾಗಿದೆ. ಹೂವು ಮುಗಿದ ಮೇಲೆ ಬುಡದಿಂದ ನಾಲ್ಕು ಇಂಚಿಗೆ ಕತ್ತರಿಸಿ, ಪಕ್ಕದಲ್ಲಿ ಏಳುವ ಕಂದುಗಳನ್ನು ಬೇರೆ ಕುಂಡಕ್ಕೆ ನೆಡಿ, ಆಗಸ್ಟಿನವರೆಗೆ ಕುಡಿ ಚಿವುಟುತ್ತಾ ಇರಿ, ಆಮೇಲೆ ನಿಲ್ಲಿಸಿ. ಕಾರ್ತಿಕ ಬಂದರೂ ಮೊಗ್ಗಿಲ್ಲವೆಂದರೆ ರಾತ್ರಿ ಕುಂಡದ ಮೇಲೆ ಬೀದಿ ದೀಪವೋ ಬಾಲ್ಕನಿ ಬಲ್ಬೋ ಬೀಳುತ್ತಿದೆಯೇ ನೋಡಿ. ಆ ಬೆಳಕಿಗೆ ಗಿಡ ಇನ್ನೂ ಬೇಸಿಗೆಯೆಂದೇ ತಿಳಿಯುತ್ತದೆ.

ಮಲ್ಲಿಗೆ ಯಾವಾಗ ಸವರಬೇಕು?

ಡಿಸೆಂಬರ್ ಕೊನೆ ಅಥವಾ ಜನವರಿ. ವಾರ ಮೊದಲೇ ನೀರು ತಗ್ಗಿಸಿ, ಬುಡದಿಂದ ಒಂದೂವರೆ ಅಡಿಗೆ ಕತ್ತರಿಸಿ, ಉಳಿದ ಎಲೆಗಳನ್ನೂ ಸವರಿ, ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಟ್ಟು ನೀರು ಶುರು ಮಾಡಿ. ಮಾರ್ಚಿಯಿಂದ ಮೊಗ್ಗು. ಮಲ್ಲಿಗೆ ಬರುವುದು ಹೊಸ ಚಿಗುರಿನಲ್ಲಿ, ಕತ್ತರಿ ಹಾಕಲು ಕೈ ಬಾರದವರ ಗಿಡ ಬಳ್ಳಿಯಾಗಿ ಹಬ್ಬುತ್ತದೆಯೇ ಹೊರತು ಹೂ ಕೊಡುವುದಿಲ್ಲ.

ಹುಳು, ರೋಗ, ಗೊಬ್ಬರ

ಬೇವಿನ ಎಣ್ಣೆ ಹೊಡೆದರೂ ಹುಳು ಹೋಗುತ್ತಿಲ್ಲ.

ಎಣ್ಣೆ ನೀರಿನಲ್ಲಿ ತೇಲುತ್ತಿರಬಹುದು. ಮೊದಲು 5 ಮಿಲಿ ಎಣ್ಣೆಗೆ 2 ಮಿಲಿ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿ ಚೆನ್ನಾಗಿ ಕಲಕಿ, ಆಮೇಲೆ ಒಂದು ಲೀಟರ್ ಉಗುರುಬೆಚ್ಚನೆಯ ನೀರು ಸ್ವಲ್ಪಸ್ವಲ್ಪವೇ ಸೇರಿಸಿ. ಹಾಲಿನಂತೆ ಬೆಳ್ಳಗಾಗಬೇಕು. ಸಂಜೆ ಐದರ ಮೇಲೆ, ಎಲೆಯ ಕೆಳಭಾಗಕ್ಕೆ ತಗುಲುವಂತೆ ಸಿಂಪಡಿಸಿ. ಬೆರೆಸಿದ್ದನ್ನು ಅದೇ ದಿನ ಮುಗಿಸಿ. ವಾರಕ್ಕೊಮ್ಮೆ, ಮೂರು ವಾರ. ಬೇವು ಕೂಡಲೇ ಕೊಲ್ಲುವ ವಿಷವಲ್ಲ, ಹುಳುವಿನ ಮೇವು, ಬೆಳವಣಿಗೆ ತಡೆಯುತ್ತದೆ.

ದಾಸವಾಳದ ಹಿಟ್ಟು ತಿಗಣೆಗೆ (ಬಿಳಿ ಹಿಟ್ಟಿನಂತೆ ಅಂಟಿಕೊಳ್ಳುವ ಹುಳು) ಮೇಣದ ಹೊದಿಕೆ ಇರುವುದರಿಂದ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪು ನೀರು ಹಾಕಿ ಉಜ್ಜಬೇಕು. ಕಾಂಡದ ಮೇಲೆ ಇರುವೆ ಸಾಲು ಕಂಡರೆ ತಿಗಣೆಯೋ ಗಿಡಹೇನೋ ಇದೆಯೆಂದೇ ಅರ್ಥ.

ಮೆಣಸಿನ ಎಲೆ ಮುದುಡಿದೆ.

ಮೇಲಕ್ಕೆ ದೋಣಿಯಂತೆ ಮುದುಡಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ), ಕೆಳಕ್ಕೆ ಮಗುಚಿದರೆ ನುಸಿ (ಕಣ್ಣಿಗೆ ಕಾಣದಷ್ಟು ಸಣ್ಣ, ಜೇಡದ ಬಳಗದ ಜೀವಿ). ಥ್ರಿಪ್ಸಿಗೆ ಬೇವಿನೆಣ್ಣೆ ಮತ್ತು ನೀಲಿ ಅಂಟು ಹಾಳೆ. ನುಸಿಗೆ ನೀರಿನಲ್ಲಿ ಬೆರೆಯುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ. ಗಂಧಕವನ್ನು ಕಡು ಬಿಸಿಲಿನ ದಿನಗಳಲ್ಲಿ ಹೊಡೆಯಬೇಡಿ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ. ಎರಡೂ ಸೇರಿದರೆ ಎಲೆ ಸುಡುತ್ತದೆ. ಮುದುಡಿದ ಹಳೆ ಎಲೆ ಬಿಚ್ಚಿಕೊಳ್ಳುವುದಿಲ್ಲ, ಹೊಸ ಚಿಗುರನ್ನು ನೋಡಿ ಗುಣವಾಯಿತೋ ಇಲ್ಲವೋ ತೀರ್ಮಾನಿಸಿ.

ಬದನೆ ಕುಡಿ ಮಾತ್ರ ಜೋತು ಬೀಳುತ್ತದೆ.

ಒಳಗೆ ಕೊರಕ ಹುಳು ಇದೆ. ಜೋತ ಭಾಗದ ಕೆಳಗೆ ಒಂದು ಇಂಚು ಸೇರಿಸಿ ಕತ್ತರಿಸಿ ನಾಶ ಮಾಡಿ. ತಡ ಮಾಡಿದರೆ ಅದೇ ಹುಳುವಿನ ಮುಂದಿನ ಪೀಳಿಗೆ ಕಾಯಿಯೊಳಗೆ ಸಿಗುತ್ತದೆ.

ಎಷ್ಟು ದಿನಕ್ಕೊಮ್ಮೆ ಗೊಬ್ಬರ?

ಸೊಪ್ಪಿಗೆ ಮಣ್ಣಿನಲ್ಲಿರುವುದೇ ಸಾಕು, ಕೊಯ್ದ ಪ್ರತಿ ಸಲ ಒಂದು ಹಿಡಿ ಎರೆಗೊಬ್ಬರ ಉದುರಿಸಿ. ಕಾಯಿ, ಹೂವಿನ ಗಿಡಕ್ಕೆ ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ. ಮೊಗ್ಗು ಕಂಡ ಮೇಲೆ ಕಡಲೆಕಾಯಿ ಹಿಂಡಿಯ ನೀರು: 100 ಗ್ರಾಂ ಹಿಂಡಿ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತು ಪಾಲು ನೀರು ಬೆರೆಸಿ ಕುಂಡಕ್ಕೆ ಅರ್ಧ ಲೀಟರ್. ನಾರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.

ಜೀವಾಮೃತವನ್ನು 10 ಲೀಟರ್ ಅಳತೆಯಲ್ಲೂ ಮಾಡಬಹುದು: ಅರ್ಧ ಕಿಲೋ ನಾಟಿ ಹಸುವಿನ ಸೆಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮರದ ಬುಡದ ಮಣ್ಣು. ನೆರಳಿನಲ್ಲಿ ಗೋಣಿ ಮುಚ್ಚಿ, ದಿನಕ್ಕೆರಡು ಸಲ ಕೋಲಿನಿಂದ ತಿರುವಿ. ಎರಡು ದಿನಕ್ಕೆ ಸಿದ್ಧ, ವಾರದೊಳಗೆ ಹತ್ತು ಪಾಲು ನೀರಿನೊಂದಿಗೆ ಮುಗಿಸಿ.

ಎಲೆ ಕಡು ಹಸಿರು, ಗಿಡ ದಷ್ಟಪುಷ್ಟ, ಹೂವು ಮಾತ್ರ ಇಲ್ಲ ಎಂದರೆ ಸಾರಜನಕ ಹೆಚ್ಚಾಗಿದೆ. ಒಂದು ತಿಂಗಳು ಏನೂ ಹಾಕಬೇಡಿ.

ಅಡುಗೆಮನೆ ಹಸಿ ಕಸ ನೇರವಾಗಿ ಕುಂಡಕ್ಕೆ ಹಾಕಬಹುದಾ?

ಬೇಡ, ಹೆಗ್ಗಣ ಬರುತ್ತದೆ. ತೂತಿನ ಡ್ರಮ್ಮಿನಲ್ಲಿ ಎರಡು ಪಾಲು ಹಸಿ ಕಸಕ್ಕೆ ಒಂದು ಪಾಲು ಒಣ ಎಲೆ ಅಥವಾ ಕೋಕೋಪೀಟ್ ಪದರ ಪದರವಾಗಿ ಹಾಕಿ, ಒಂದು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೊಮ್ಮೆ ಮಗುಚಿ. 45ರಿಂದ 60 ದಿನಕ್ಕೆ ಗೊಬ್ಬರ. ವಾಸನೆ ಬಂದರೆ ಒಣ ಎಲೆ ಸಾಲದು. ದಪ್ಪನೆಯ ಕಂದು ಹುಳು ತುಂಬಿಕೊಂಡರೆ ಅವು ಕಸ ಕಳಿಸುವ ಸೈನಿಕ ನೊಣದ ಮರಿ, ಇರಲಿ ಬಿಡಿ. ಬೇಯಿಸಿದ ಎಣ್ಣೆ ಪದಾರ್ಥ, ಮಾಂಸ ಹಾಕಬೇಡಿ.

ಬೆಳೆ ಮುಗಿದ ಮಣ್ಣು ಎಸೆಯಬೇಕಾ?

ಎಸೆಯಬೇಡಿ. ಜರಡಿ ಹಿಡಿದು ಬೇರು ತೆಗೆದು, ಟಾರ್ಪಾಲಿನ ಮೇಲೆ ಹರಡಿ ನಾಲ್ಕೈದು ದಿನ ಬಿಸಿಲಿಗೆ ಹಾಕಿ, ಮೂರು ಪಾಲಿಗೆ ಒಂದು ಪಾಲು ಎರೆಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಟೊಮೆಟೊ ಇದ್ದ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸು ಹಾಕದೆ ಅಲಸಂದೆಯೋ ಮೆಂತ್ಯವೋ ಹಾಕಿ. ಗಿಡ ಹಸಿರಾಗಿದ್ದಾಗಲೇ ಒಂದೇ ದಿನದಲ್ಲಿ ಸೊರಗಿ ಸತ್ತಿದ್ದರೆ, ಕಾಂಡ ಕತ್ತರಿಸಿ ಲೋಟದ ನೀರಿನಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು. ಆ ಕುಂಡದ ಮಣ್ಣನ್ನು ಮಾತ್ರ ತರಕಾರಿಗೆ ಮತ್ತೆ ಬಳಸಬೇಡಿ.